ಮಾತು ಬಲ್ಲ ಮನೆಗೆ ರೋಗದ ಭಯವಿಲ್ಲ

(ಗ್ರಾಮೀಣ ದಂಪತಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ರೋಗವು ಊಟಕ್ಕೆ ಸೇರಿದ್ದು, ಜಗಳವು ಮಾತಿಗೆ ಸೇರಿದ್ದು ಎಂದು ನಾವು ಈ ಗಾದೆಯನ್ನು ಅರ್ಥ ಮಾಡಿಕೊಳ್ಳುತ್ತ ಬಂದಿದ್ದೇವೆ. ಆದರೆ ಈ ದಿನ ನಾನು ಯಾವ ರೋಗವನ್ನು ಕುರಿತು ನಿಮ್ಮ ಮುಂದೆ ನಿಂತಿದ್ದೇನೆಯೋ ಆ ರೋಗದ ವಿಷಯದಲ್ಲಿ, ಮಾತು ಬಲ್ಲವನನ್ನು ರೋಗವೂ ಅಂಜಿಸಲಾರದು. ಏಡ್ಸ್ ರೋಗವು ಬಹುಮಟ್ಟಿಗೆ ಮೌನದ ಆಶ್ರಯದಲ್ಲಿ ಬೆಳೆಯುವ ರೋಗ. ಗಂಡನು ಹೆಂಡತಿಗೆ ಹೇಳದೆ ಇದ್ದುದರಿಂದ, ತಂದೆತಾಯಿಗಳು ಮಕ್ಕಳಿಗೆ ತಿಳಿಸದೆ ಇದ್ದುದರಿಂದ, ಊರಿನವರು ರೋಗಿಯೊಡನೆ ಮಾತು ಬಿಟ್ಟುದರಿಂದ ಇದು ಹರಡುತ್ತದೆ. ಆದುದರಿಂದ ಔಷಧದ ವಿಚಾರಕ್ಕಿಂತ ಹೆಚ್ಚಾಗಿ ಇಂದು ಮಾತಿನ ವಿಚಾರವನ್ನೇ ನಿಮ್ಮಲ್ಲಿ ಅರಿಕೆ ಮಾಡಿಕೊಳ್ಳಲು ಬಂದಿದ್ದೇನೆ.

ಇಂತಹ ಸಂಗತಿಗಳನ್ನು ಹತ್ತು ಜನರ ಸಭೆಯಲ್ಲಿ ಆಡುವುದು ಹೇಗೆಂದು ತಾಯಂದಿರು ತಲೆ ತಗ್ಗಿಸಬೇಕಾಗಿಲ್ಲ. ಹೊಟ್ಟೆನೋವು, ಕೆಮ್ಮು, ಜ್ವರಗಳಂತೆ ಜನನೇಂದ್ರಿಯಗಳ ಕಾಯಿಲೆಯೂ ಒಂದು ಕಾಯಿಲೆಯೇ. ದೇಹದ ಒಂದು ಭಾಗಕ್ಕೆ ವೈದ್ಯನು ಬೇಕು, ಇನ್ನೊಂದು ಭಾಗಕ್ಕೆ ಗುಟ್ಟು ಬೇಕು ಎಂಬ ನಿಯಮ ಪ್ರಕೃತಿಯಲ್ಲಿ ಇಲ್ಲ.

ರೋಗದ ಸ್ವರೂಪ

ಮೊದಲು ಈ ರೋಗವು ಏನೆಂಬುದನ್ನು ತಿಳಿಯೋಣ. 1981ರಲ್ಲಿ ಅಮೆರಿಕ ದೇಶದ ವೈದ್ಯರು ಇದನ್ನು ಮೊದಲ ಬಾರಿಗೆ ಗಮನಿಸಿ ವರದಿ ಮಾಡಿದರು. 1983ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇದಕ್ಕೆ ಕಾರಣವಾದ ವೈರಾಣುವನ್ನು ಗುರುತಿಸಿದರು. ಆ ವೈರಾಣುವಿಗೆ ಎಚ್.ಐ.ವಿ. ಎಂದು ಹೆಸರು. 1986ರಲ್ಲಿ ಮದರಾಸಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿಯಾಗಿದ್ದ ಡಾ. ನಿರ್ಮಲಾ ಸೆಲ್ಲಪ್ಪನ್ ಅವರು ಭಾರತದಲ್ಲಿಯೂ ಈ ಸೋಂಕು ಇರುವುದನ್ನು ಪತ್ತೆ ಮಾಡಿದರು. ಅಲ್ಲಿಯವರೆಗೆ ಇದು ಪರದೇಶದವರ ರೋಗ, ನಮ್ಮ ನಾಡಿಗೆ ಬಾರದು ಎಂದು ಬಹಳ ಮಂದಿ ನಂಬಿದ್ದರು.

ನಮ್ಮ ಕರ್ನಾಟಕವೂ ಇದರಿಂದ ಹೊರತಾಗಲಿಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಬಾಗಲಕೋಟೆ, ಬೆಳಗಾವಿಯಂತಹ ಜಿಲ್ಲೆಗಳಲ್ಲಿ ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಸೋಂಕು ಕಂಡುಬಂದಿತು. ಗರ್ಭಿಣಿಯರೆಂದರೆ ಯಾರು? ಮನೆಯಲ್ಲಿ ಸಂಸಾರ ನಡೆಸುತ್ತಿದ್ದ ಗೃಹಿಣಿಯರು. ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು ತಮ್ಮ ಗಂಡನ ಹೊರತು ಬೇರೊಬ್ಬರನ್ನು ಅರಿಯದವರು. ಈ ಸಂಗತಿಯನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇದು ಕೆಟ್ಟವರಿಗೆ ಮಾತ್ರ ಬರುವ ರೋಗವೆಂಬ ಮಾತು ಎಷ್ಟು ದೊಡ್ಡ ಅನ್ಯಾಯವೆಂಬುದು ಆಗ ನಿಮಗೇ ಹೊಳೆಯುತ್ತದೆ.

ಈಗ ಪರಿಸ್ಥಿತಿಯು ಬಹಳ ಸುಧಾರಿಸಿದೆ. 2010ಕ್ಕೆ ಹೋಲಿಸಿದರೆ 2023ರ ವೇಳೆಗೆ ದೇಶದಲ್ಲಿ ಹೊಸದಾಗಿ ಸೋಂಕು ತಗಲುವವರ ಸಂಖ್ಯೆಯು ಶೇಕಡ 44ರಷ್ಟು ಇಳಿದಿದೆ. ಆದರೂ ಭಾರತದಲ್ಲಿ ಸುಮಾರು 25 ಲಕ್ಷ ಮಂದಿ ಈ ಸೋಂಕಿನೊಡನೆ ಬದುಕುತ್ತಿದ್ದಾರೆ. ಅವರ ಸಂಖ್ಯೆ ಹೆಚ್ಚಾಗಿರುವ ರಾಜ್ಯಗಳಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶಗಳೊಡನೆ ನಮ್ಮ ರಾಜ್ಯವೂ ಸೇರಿದೆ. ಅರ್ಧ ದಾರಿ ನಡೆದಿದ್ದೇವೆ. ಉಳಿದ ಅರ್ಧ ಇನ್ನೂ ಮುಂದಿದೆ.

ಎಚ್.ಐ.ವಿ. ಮತ್ತು ಏಡ್ಸ್ ಎರಡೂ ಒಂದೇ ಅಲ್ಲ. ನಮ್ಮ ರಕ್ತದಲ್ಲಿ ರೋಗಗಳನ್ನು ಎದುರಿಸುವ ಬಿಳಿಯ ರಕ್ತಕಣಗಳಿವೆ. ಹೊಲಕ್ಕೆ ಬೇಲಿ ಇದ್ದಂತೆ ದೇಹಕ್ಕೆ ಅವು. ಎಚ್.ಐ.ವಿ. ಒಳಹೊಕ್ಕು ಆ ಬೇಲಿಯನ್ನೇ ಒಂದೊಂದು ಮುಳ್ಳಾಗಿ ಕೀಳುತ್ತ ಹೋಗುತ್ತದೆ. ಚಿಕಿತ್ಸೆ ಪಡೆಯದಿದ್ದರೆ ಕೆಲವು ವರ್ಷಗಳಲ್ಲಿ, ಸಾಮಾನ್ಯವಾಗಿ ಎಂಟು ಹತ್ತು ವರ್ಷಗಳಲ್ಲಿ, ಬೇಲಿಯು ಪೂರ್ತಿ ಬಿದ್ದುಹೋಗುತ್ತದೆ. ಆಗ ಕ್ಷಯ, ಭೇದಿ, ನ್ಯುಮೋನಿಯಾ ಮೊದಲಾದ ರೋಗಗಳು ಬೇಲಿ ಇಲ್ಲದ ಹೊಲಕ್ಕೆ ದನ ನುಗ್ಗುವಂತೆ ನುಗ್ಗುತ್ತವೆ. ಆ ಕೊನೆಯ ಅವಸ್ಥೆಗೆ ಏಡ್ಸ್ ಎನ್ನುತ್ತಾರೆ. ಸೋಂಕು ತಗಲಿದ ವ್ಯಕ್ತಿಯು ಅನೇಕ ವರ್ಷಗಳ ಕಾಲ ಗಟ್ಟಿಮುಟ್ಟಾಗಿ ದುಡಿಯುತ್ತಿರಬಹುದು. ಮುಖ ನೋಡಿ, ಮೈಕಟ್ಟು ನೋಡಿ ಇವರಿಗೆ ಸೋಂಕಿದೆ, ಇವರಿಗಿಲ್ಲ ಎಂದು ಹೇಳಲು ಯಾವ ವೈದ್ಯನಿಗೂ ಸಾಧ್ಯವಿಲ್ಲ. ರಕ್ತಪರೀಕ್ಷೆಯೊಂದೇ ಅದಕ್ಕೆ ದಾರಿ.

ಹರಡುವ ಬಗೆ, ಹರಡದ ಬಗೆ

ಈ ವೈರಾಣು ನಾಲ್ಕು ದಾರಿಗಳಲ್ಲಿ ಮಾತ್ರ ಹರಡುತ್ತದೆ. ಸೋಂಕುಳ್ಳವರೊಡನೆ ನಿರೋಧ್ ಬಳಸದೆ ನಡೆಸುವ ಲೈಂಗಿಕ ಸಂಪರ್ಕವು ಮೊದಲನೆಯದು. ಹೆಚ್ಚಿನವರಿಗೆ ಸೋಂಕು ತಗಲುವುದು ಈ ದಾರಿಯಿಂದಲೇ. ಸೋಂಕುಳ್ಳ ರಕ್ತವನ್ನು ಪಡೆಯುವುದು ಎರಡನೆಯದು. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚುವುದು ಮೂರನೆಯದು. ಸೋಂಕುಳ್ಳ ತಾಯಿಯಿಂದ ಗರ್ಭದಲ್ಲಿ, ಹೆರಿಗೆಯ ಸಮಯದಲ್ಲಿ ಅಥವಾ ಎದೆಹಾಲಿನ ಮೂಲಕ ಮಗುವಿಗೆ ತಗಲುವುದು ನಾಲ್ಕನೆಯದು.

ರಕ್ತದ ವಿಷಯದಲ್ಲಿ ಸರ್ಕಾರವು ಬಿಗಿಯಾದ ಕ್ರಮ ಕೈಗೊಂಡಿದೆ. ಹಣಕ್ಕಾಗಿ ರಕ್ತ ಮಾರುವ ಪದ್ಧತಿಯು ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನ ಫಲವಾಗಿ 1998ರ ಜನವರಿಯಿಂದ ನಿಷೇಧಕ್ಕೆ ಒಳಗಾಯಿತು. ಪರವಾನಗಿ ಇರುವ ರಕ್ತನಿಧಿಗಳಲ್ಲಿ ಪ್ರತಿಯೊಂದು ಬಾಟಲಿಯ ರಕ್ತವನ್ನೂ ಪರೀಕ್ಷಿಸಲಾಗುತ್ತದೆ. ಸೂಜಿಯ ವಿಷಯದಲ್ಲಿ ಎಚ್ಚರವು ನಿಮ್ಮ ಕೈಯಲ್ಲಿದೆ. ಚಿಕ್ಕಪುಟ್ಟ ಜ್ವರಕ್ಕೂ “ಇಂಜೆಕ್ಷನ್ ಹಾಕಿ” ಎಂದು ವೈದ್ಯರನ್ನು ಒತ್ತಾಯಿಸುವ ಅಭ್ಯಾಸವು ನಮ್ಮ ಹಳ್ಳಿಗಳಲ್ಲಿದೆ. ಗುಳಿಗೆಯಿಂದ ಹೋಗುವ ಕಾಯಿಲೆಗೆ ಸೂಜಿಯ ಅಗತ್ಯವಿಲ್ಲ. ಸೂಜಿ ಬೇಕೇ ಬೇಕಾದಾಗ ಹೊಸ ಪೊಟ್ಟಣವನ್ನು ನಿಮ್ಮ ಕಣ್ಣ ಮುಂದೆಯೇ ಒಡೆಯುವಂತೆ ಕೇಳಿರಿ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವಾಗಲೂ ಇದೇ ಎಚ್ಚರವಿರಲಿ.

ಒಟ್ಟಿಗೆ ಉಣ್ಣುವುದರಿಂದ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದ, ಒಂದೇ ಬಾವಿ ಬಳಸುವುದರಿಂದ, ಕೈ ಹಿಡಿಯುವುದರಿಂದ, ಒಂದೇ ಬೆಂಚಿನ ಮೇಲೆ ಕುಳಿತು ಪಾಠ ಕೇಳುವುದರಿಂದ, ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ತೊಡುವುದರಿಂದ, ಕೆಮ್ಮು ಸೀನುಗಳಿಂದ, ಸೊಳ್ಳೆ ತಿಗಣೆಗಳ ಕಡಿತದಿಂದ ಈ ಸೋಂಕು ಹರಡುವುದಿಲ್ಲ. “ಸೊಳ್ಳೆಯೂ ರಕ್ತ ಹೀರುತ್ತದೆಯಲ್ಲ?” ಎಂದು ಅನೇಕರು ಕೇಳುತ್ತಾರೆ. ಹೀರುವುದು ನಿಜ. ಆದರೆ ಈ ವೈರಾಣು ಸೊಳ್ಳೆಯ ದೇಹದಲ್ಲಿ ಬೆಳೆಯಲಾರದು. ಮತ್ತು ಸೊಳ್ಳೆಯು ತಾನು ಹೀರಿದ ರಕ್ತವನ್ನು ಇನ್ನೊಬ್ಬರ ದೇಹದೊಳಕ್ಕೆ ಬಿಡುವುದಿಲ್ಲ.

ಪತಿ ಪತ್ನಿಯರ ನಡುವಿನ ಮಾತು

ಈಗ ನಿಮ್ಮ ಮನೆಯ ಬಾಗಿಲಿಗೆ ಬರೋಣ. ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಹಳ್ಳಿಗಳ ಗಂಡಸರು ದುಡಿಮೆಯನ್ನು ಅರಸಿ ಬೆಂಗಳೂರು, ಗೋವಾ, ಪುಣೆ, ಮುಂಬಯಿಗಳಿಗೆ ಹೋಗುತ್ತಾರೆ. ಕೆಲವರು ಲಾರಿಯಲ್ಲಿ ತಿಂಗಳುಗಟ್ಟಲೆ ದೇಶ ಸುತ್ತುತ್ತಾರೆ. ಮನೆ ನಡೆಸುವ ಹೊಣೆಯಿಂದ ಹೊರಟವರನ್ನು ಯಾರೂ ದೂರುವಂತಿಲ್ಲ. ಆದರೆ ಊರು ಬಿಟ್ಟು ಬಹುಕಾಲ ಒಂಟಿಯಾಗಿರುವಾಗ, ಕುಡಿತದ ಸಹವಾಸದಲ್ಲಿರುವಾಗ, ಕೆಲವರು ಕಾಲು ಜಾರುವುದುಂಟು. ಅಲ್ಲಿ ತಗಲಿದ ಸೋಂಕು ಹಬ್ಬಕ್ಕೆ ಊರಿಗೆ ಬರುವಾಗ ಅವರೊಡನೆ ಬಸ್ಸು ಹತ್ತುತ್ತದೆ. ಹೆಂಡತಿಗೆ ತಂದ ಸೀರೆ ಕಣ್ಣಿಗೆ ಕಾಣುತ್ತದೆ, ಸೋಂಕು ಕಾಣುವುದಿಲ್ಲ.

ಹೆಂಡತಿಗೆ ಅನುಮಾನ ಬಂದರೂ ಬಾಯಿ ತೆರೆಯಲು ಆಕೆಗೆ ಧೈರ್ಯ ಸಾಲದು. ಕೇಳಿದರೆ ಗಂಡನು ಸಿಟ್ಟಾದಾನು, ಕೈ ಎತ್ತಿಯಾನು, ತನ್ನ ಶೀಲವನ್ನೇ ಪ್ರಶ್ನಿಸಿಯಾನು ಎಂಬ ಭಯ. ಆದುದರಿಂದ ಇಲ್ಲಿ ನೆರೆದಿರುವ ಗಂಡಂದಿರಲ್ಲಿ ನಾನು ಕೈಮುಗಿದು ಕೇಳಿಕೊಳ್ಳುವುದಿಷ್ಟೆ: ಈ ಮಾತನ್ನು ಮೊದಲು ಆಡಬೇಕಾದವರು ನೀವು. ಆಕೆ ಕೇಳುವವರೆಗೆ ಕಾಯಬೇಡಿರಿ. “ನೋಡು, ನಾನು ಇಷ್ಟು ದಿನ ಊರ ಹೊರಗಿದ್ದೆ. ನಮ್ಮಿಬ್ಬರ ಹಿತಕ್ಕಾಗಿ, ಮಕ್ಕಳ ಹಿತಕ್ಕಾಗಿ ಇಬ್ಬರೂ ಒಟ್ಟಿಗೆ ರಕ್ತಪರೀಕ್ಷೆ ಮಾಡಿಸಿಕೊಳ್ಳೋಣ. ಅಲ್ಲಿಯವರೆಗೆ ನಿರೋಧ್ ಬಳಸೋಣ” ಎಂದು ಹೇಳಿದರೆ ನಿಮ್ಮ ಗೌರವವೇನೂ ಕಡಿಮೆಯಾಗುವುದಿಲ್ಲ. ಹೆಂಡತಿಯು ಇದನ್ನು ಕೇಳಿದಾಗ ಅದು ದೂರು ಎಂದು ಭಾವಿಸಬೇಡಿರಿ. ಆಕೆಗೂ ಬದುಕಬೇಕೆಂಬ ಆಸೆಯಿದೆ, ಆಕೆಯ ಮಡಿಲಲ್ಲಿ ನಿಮ್ಮದೇ ಮಕ್ಕಳಿದ್ದಾರೆ.

ಪರೀಕ್ಷೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಸೋಂಕು ದೇಹವನ್ನು ಸೇರಿದ ಕೂಡಲೆ ಪರೀಕ್ಷೆಯಲ್ಲಿ ಕಾಣಿಸದಿರಬಹುದು. ಅದಕ್ಕೆ ಮೂರು ತಿಂಗಳವರೆಗೆ ಸಮಯ ಹಿಡಿಯಬಹುದು. ಆದುದರಿಂದ ಮೊದಲ ಪರೀಕ್ಷೆಯಲ್ಲಿ ಸೋಂಕು ಇಲ್ಲವೆಂದು ಬಂದರೂ, ಸಂದೇಹಕ್ಕೆ ಕಾರಣವಿದ್ದವರು ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಈ ಪರೀಕ್ಷೆಯು ಉಚಿತ. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದಿಲ್ಲ. ಫಲಿತಾಂಶವನ್ನು ಗುಟ್ಟಾಗಿ ಇಡುತ್ತಾರೆ. ಅಲ್ಲಿರುವ ಆಪ್ತ ಸಮಾಲೋಚಕರು ಪರೀಕ್ಷೆಗೆ ಮುಂಚೆಯೂ ನಂತರವೂ ಸಮಾಧಾನದಿಂದ ಮಾತನಾಡುತ್ತಾರೆ. ಗಂಡನಿಗೆ ಅಥವಾ ಹೆಂಡತಿಗೆ ವಿಷಯವನ್ನು ತಿಳಿಸುವುದು ಕಷ್ಟವೆನಿಸಿದರೆ ಅದಕ್ಕೂ ಅವರು ನೆರವಾಗುತ್ತಾರೆ.

ಕುಟುಂಬ ಕಲ್ಯಾಣದ ಸಭೆಗಳಲ್ಲಿ ಪದೇ ಪದೇ ಎದುರಾಗುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ತಿದ್ದಬೇಕಾಗಿದೆ. ಎರಡು ಮಕ್ಕಳಾದ ಮೇಲೆ ಹೆಂಡತಿಗೆ ಸಂತಾನ ನಿರೋಧ ಶಸ್ತ್ರಚಿಕಿತ್ಸೆ ಆಗಿದೆ, ಇನ್ನು ನಿರೋಧ್ ಏಕೆ ಎಂದು ಅನೇಕರು ಕೇಳುತ್ತಾರೆ. ಶಸ್ತ್ರಚಿಕಿತ್ಸೆಯು ಗರ್ಭವನ್ನು ತಡೆಯುತ್ತದೆ, ಸೋಂಕನ್ನು ತಡೆಯುವುದಿಲ್ಲ. ವಂಕಿ, ನುಂಗುವ ಮಾತ್ರೆ, ಗಂಡಸರ ಶಸ್ತ್ರಚಿಕಿತ್ಸೆ ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಗರ್ಭ ಮತ್ತು ಸೋಂಕು ಎರಡನ್ನೂ ತಡೆಯುವ ಸಾಧನವೆಂದರೆ ನಿರೋಧ್ ಒಂದೇ. 1968ರಿಂದ ಈ ಹೆಸರು ನಮ್ಮ ದೇಶದಲ್ಲಿ ಮನೆಮಾತಾಗಿದೆ. ಪ್ರತಿ ಸಲವೂ ಹೊಸದನ್ನೇ ಬಳಸಬೇಕು, ಸಂಪರ್ಕದ ಆರಂಭದಿಂದ ಕೊನೆಯವರೆಗೂ ಬಳಸಬೇಕು, ಪೊಟ್ಟಣದ ಮೇಲಿನ ತಾರೀಖನ್ನು ನೋಡಬೇಕು, ಬಿಸಿಲಿನಲ್ಲಿ ಇಡಬಾರದು, ಎಣ್ಣೆ ಸವರಬಾರದು. ಎಣ್ಣೆ ತಗಲಿದರೆ ರಬ್ಬರು ಹರಿಯುತ್ತದೆ.

ಬೇರೆ ಲೈಂಗಿಕ ರೋಗಗಳನ್ನೂ ಅಲಕ್ಷಿಸಬಾರದು. ಜನನೇಂದ್ರಿಯದ ಮೇಲೆ ಹುಣ್ಣು, ಕೀವು, ಮೂತ್ರ ಮಾಡುವಾಗ ಉರಿ, ತೊಡೆಯ ಸಂದಿನಲ್ಲಿ ಗಡ್ಡೆ, ಹೆಂಗಸರಲ್ಲಿ ದುರ್ವಾಸನೆಯುಳ್ಳ ಬಿಳಿ ಸೆರಗು, ಕಿಬ್ಬೊಟ್ಟೆಯ ನೋವು ಇವು ಕಂಡರೆ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಬಿಳಿ ಸೆರಗೆಲ್ಲವೂ ಲೈಂಗಿಕ ರೋಗವಲ್ಲ. ವೈದ್ಯರು ನೋಡಿ ಹೇಳಬೇಕು. ಹುಣ್ಣುಗಳಿದ್ದಾಗ ಎಚ್.ಐ.ವಿ. ಸೋಂಕು ಇನ್ನಷ್ಟು ಸುಲಭವಾಗಿ ದೇಹವನ್ನು ಹೊಗುತ್ತದೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಒಬ್ಬರೇ ಔಷಧ ಕುಡಿದರೆ ರೋಗವು ಇನ್ನೊಬ್ಬರಿಂದ ಮತ್ತೆ ಮರಳಿ ಬರುತ್ತದೆ.

ಗರ್ಭಿಣಿಯ ಪರೀಕ್ಷೆ

ಗರ್ಭ ನಿಂತಿತೆಂದು ತಿಳಿದ ಕೂಡಲೆ ಆಶಾ ಕಾರ್ಯಕರ್ತೆಯ ಬಳಿ ಹೆಸರು ನೋಂದಾಯಿಸಿರಿ. ರಕ್ತದ ಗುಂಪು, ರಕ್ತಹೀನತೆಗಳ ಪರೀಕ್ಷೆಯೊಡನೆ ಎಚ್.ಐ.ವಿ. ಮತ್ತು ಮೇಹವ್ರಣದ ಪರೀಕ್ಷೆಗಳನ್ನೂ ಮಾಡಿಸಿಕೊಳ್ಳಿರಿ. ಸೋಂಕುಳ್ಳ ತಾಯಿಗೆ ಚಿಕಿತ್ಸೆ ಸಿಗದಿದ್ದರೆ, ಅಂತಹ ನೂರು ಶಿಶುಗಳಲ್ಲಿ 15ರಿಂದ 45 ಶಿಶುಗಳಿಗೆ ಸೋಂಕು ತಗಲುವ ಸಂಭವವಿದೆ. ತಾಯಿಯು ಔಷಧವನ್ನು ಸರಿಯಾಗಿ ಸೇವಿಸಿದರೆ ಇದು ನೂರಕ್ಕೆ ಐದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಅಂತಹ ತಾಯಿಯು ಆಸ್ಪತ್ರೆಯಲ್ಲಿಯೇ ಹೆರಬೇಕು. ಮಗುವಿಗೆ ಹುಟ್ಟಿದ ಕೂಡಲೆ ಔಷಧ ಕೊಡುತ್ತಾರೆ. ಆರು ವಾರಗಳಾದಾಗ ಮೊದಲ ಪರೀಕ್ಷೆ, ಮುಂದೆ ಹದಿನೆಂಟು ತಿಂಗಳಾದಾಗ ಖಚಿತ ಪರೀಕ್ಷೆ ನಡೆಸುತ್ತಾರೆ. ಔಷಧ ಸೇವಿಸುತ್ತಿರುವ ತಾಯಿಯು ವೈದ್ಯರ ಸಲಹೆಯಂತೆ ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ಕೊಡಬಹುದು.

ತಾಯಿಯ ಪರೀಕ್ಷೆಯಲ್ಲಿ ಸೋಂಕು ಮೊದಲು ಪತ್ತೆಯಾಯಿತೆಂದ ಮಾತ್ರಕ್ಕೆ ಸೋಂಕನ್ನು ಮನೆಗೆ ತಂದವಳು ಆಕೆಯೇ ಎಂದು ಅರ್ಥವಲ್ಲ. ಮೊದಲು ಪರೀಕ್ಷೆಗೆ ಬಂದವಳು ಆಕೆ, ಅಷ್ಟೆ. ಅತ್ತೆ ಮಾವಂದಿರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಕುಟುಂಬವನ್ನು ಉಳಿಸಲು ನೆರವಾದ ಸೊಸೆಯನ್ನು ತವರಿಗೆ ಅಟ್ಟುವುದು ಧರ್ಮವಲ್ಲ.

ಬೆಳೆಯುವ ಮಕ್ಕಳೊಡನೆ ಮಾತು

ನೀವಿಬ್ಬರೂ ಪರಸ್ಪರ ಮಾತನಾಡಲು ಕಲಿತ ಮೇಲೆ ಎರಡನೆಯ ಕರ್ತವ್ಯವು ಬರುತ್ತದೆ. ನಿಮ್ಮ ಮಗನಿಗೆ ಮೀಸೆ ಚಿಗುರುತ್ತಿದೆ. ಮಗಳು ಮೈನೆರೆಯುವ ವಯಸ್ಸಿಗೆ ಬಂದಿದ್ದಾಳೆ. ತಮ್ಮ ದೇಹದಲ್ಲಿ ಆಗುತ್ತಿರುವ ಬದಲಾವಣೆಗಳನ್ನು ಕಂಡು ಅವರು ಹೆದರುತ್ತಾರೆ. ಯಾರನ್ನು ಕೇಳಬೇಕು? ತಂದೆಯು ಗದರಿಸುತ್ತಾನೆ, ತಾಯಿಯು ನಾಚುತ್ತಾಳೆ. ಆಗ ಅವರು ಬಸ್ ನಿಲ್ದಾಣದ ಗೆಳೆಯರನ್ನು ಕೇಳುತ್ತಾರೆ, ಮೊಬೈಲಿನಲ್ಲಿ ನೋಡುತ್ತಾರೆ. ಅಲ್ಲಿ ದೊರೆಯುವುದು ಅರ್ಧ ಸುಳ್ಳು, ಅರ್ಧ ಹೊಲಸು. ನಾವು ಕೊಡದ ತಿಳಿವಳಿಕೆಯನ್ನು ಬೇರೆಯವರು ಕೊಟ್ಟೇ ಕೊಡುತ್ತಾರೆ.

ಶಾಲೆಗಳಲ್ಲಿ ಇದನ್ನು ಕಲಿಸುವ ಪ್ರಯತ್ನವು ಹೊಸದಲ್ಲ. 2005ರಲ್ಲಿ ಕೇಂದ್ರ ಸರ್ಕಾರವು ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿತು. ಪಾಠದ ಚಿತ್ರಗಳೂ ಮಾತುಗಳೂ ನಮ್ಮ ಸಂಸ್ಕೃತಿಗೆ ಒಪ್ಪುವುದಿಲ್ಲವೆಂಬ ಆಕ್ಷೇಪಣೆ ಎದ್ದು, 2007ರಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಅದಕ್ಕೆ ತಡೆಯುಂಟಾಯಿತು. ಆಕ್ಷೇಪಿಸಿದವರಲ್ಲಿಯೂ ಮಕ್ಕಳ ಮೇಲಿನ ಪ್ರೀತಿಯೇ ಇದ್ದಿತು. ತಿಳಿಸಿದರೆ ಮಕ್ಕಳು ಕೆಡುತ್ತಾರೆ ಎಂಬುದು ಅವರ ಅಂಜಿಕೆ. ಆದರೆ ಅನೇಕ ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ ಯುನೆಸ್ಕೊ ಸಂಸ್ಥೆಯು 2018ರಲ್ಲಿ ಹೊರತಂದ ಮಾರ್ಗದರ್ಶಿಯು, ಇಂತಹ ಶಿಕ್ಷಣದಿಂದ ಮಕ್ಕಳು ಬೇಗನೆ ಲೈಂಗಿಕ ಚಟುವಟಿಕೆಗೆ ಇಳಿಯುವುದಿಲ್ಲ, ಅಪಾಯದ ನಡವಳಿಕೆಯು ಕಡಿಮೆಯಾಗುತ್ತದೆ ಎಂದು ತಿಳಿಸುತ್ತದೆ. ಈಜು ಕಲಿಸಿದ ಮಾತ್ರಕ್ಕೆ ಮಗು ಕೆರೆಗೆ ಹಾರುವುದಿಲ್ಲ. ಕಾಲು ಜಾರಿದ ದಿನ ಆ ವಿದ್ಯೆಯು ಪ್ರಾಣ ಉಳಿಸುತ್ತದೆ.

ಹತ್ತರಿಂದ ಹತ್ತೊಂಬತ್ತು ವರ್ಷದವರಿಗಾಗಿ 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು ಆರಂಭವಾಯಿತು. ಅದರ ಅಂಗವಾಗಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್‌ಗಳಿವೆ. 2020ರಲ್ಲಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮದ ಹನ್ನೊಂದು ವಿಷಯಗಳಲ್ಲಿ ಸಂತಾನೋತ್ಪತ್ತಿ ಆರೋಗ್ಯ ಮತ್ತು ಎಚ್.ಐ.ವಿ. ತಡೆಯೂ ಒಂದು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು ಇದಕ್ಕಾಗಿ ತರಬೇತಿ ಪಡೆಯಬೇಕೆಂಬುದು ಅದರ ಯೋಜನೆ. ಶಾಲೆಯ ಪಾಲಕರ ಸಭೆಗೆ ಹೋದಾಗ ಅಂಕಗಳನ್ನು ಕೇಳುವಂತೆಯೇ, “ಗುರುಗಳೇ, ಆರೋಗ್ಯದ ಪಾಠ ನಡೆಯಿತೇ?” ಎಂದು ಕೇಳಿರಿ. ನೀವು ಕೇಳಿದರೆ ಶಿಕ್ಷಕರಿಗೂ ಧೈರ್ಯ ಬರುತ್ತದೆ. ಪಾಲಕರು ಏನೆಂದುಕೊಳ್ಳುವರೋ ಎಂಬ ಅಳುಕಿನಿಂದ ಆ ಪುಟಗಳನ್ನು ಮಗುಚಿ ಮುಂದೆ ಹೋಗುವ ಶಿಕ್ಷಕರೂ ಇದ್ದಾರೆ.

ಆದರೆ ಶಾಲೆಯೊಂದರಿಂದಲೇ ಆಗುವ ಕೆಲಸ ಇದಲ್ಲ. ಮಗುವಿನ ಪ್ರಶ್ನೆಯು ಪಾಠದ ಗಂಟೆಗಾಗಿ ಕಾಯುವುದಿಲ್ಲ. ಆಸ್ಪತ್ರೆಯ ಗೋಡೆಯ ಬರಹವನ್ನು ಓದಿದ ಹನ್ನೆರಡು ವರ್ಷದ ಮಗಳು ರೊಟ್ಟಿ ತಟ್ಟುತ್ತಿರುವ ತಾಯಿಯನ್ನು ಕೇಳುತ್ತಾಳೆ ಎಂದುಕೊಳ್ಳಿ:

“ಅವ್ವಾ, ಏಡ್ಸ್ ಎಂದರೇನು?”

“ಅದೊಂದು ರೋಗ, ಮಗಳೇ. ಕಣ್ಣಿಗೆ ಕಾಣದ ವೈರಾಣುವಿನಿಂದ ಬರುತ್ತದೆ.”

“ಮುಟ್ಟಿದರೆ ಬರುತ್ತದೆಯೇ?”

“ಇಲ್ಲ. ಮುಟ್ಟಿದರೂ ಬರುವುದಿಲ್ಲ, ಜೊತೆಗೆ ಕುಳಿತು ಉಂಡರೂ ಬರುವುದಿಲ್ಲ. ಸೋಂಕಿರುವವರ ರಕ್ತದಿಂದ, ಅವರಿಗೆ ಚುಚ್ಚಿದ ಸೂಜಿಯಿಂದ ಬರುತ್ತದೆ. ಗಂಡು ಹೆಣ್ಣು ಕೂಡುವುದರಿಂದಲೂ ಬರುತ್ತದೆ. ನೀನು ಇನ್ನೂ ದೊಡ್ಡವಳಾದಂತೆ ಹೆಚ್ಚು ತಿಳಿಸುತ್ತೇನೆ. ಏನು ಕೇಳಬೇಕೆನಿಸಿದರೂ ನನ್ನನ್ನೇ ಕೇಳು.”

ಇಷ್ಟೇ ಸಾಕು. ಸುಳ್ಳು ಹೇಳಲಿಲ್ಲ, ವಯಸ್ಸಿಗೆ ಮೀರಿದ್ದನ್ನೂ ಹೇಳಲಿಲ್ಲ. “ನನ್ನನ್ನೇ ಕೇಳು” ಎಂಬ ಕೊನೆಯ ಮಾತಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯಿದೆ. ಉತ್ತರ ತಿಳಿಯದಿದ್ದರೆ, “ನಾಳೆ ನರ್ಸಮ್ಮನನ್ನು ಕೇಳಿ ಹೇಳುತ್ತೇನೆ” ಎನ್ನಿರಿ, ಹೇಳಿದಂತೆ ಕೇಳಿ ತಿಳಿಸಿರಿ.

ವಯಸ್ಸಿಗೆ ತಕ್ಕಂತೆ ತಿಳಿವಳಿಕೆ ಕೊಡಬೇಕು. ಚಿಕ್ಕ ಮಗುವಿಗೆ ತನ್ನ ದೇಹವು ತನ್ನದು, ಬಟ್ಟೆ ಮುಚ್ಚುವ ಜಾಗವನ್ನು ಬೇರೆಯವರು ಮುಟ್ಟಬಾರದು, ಮುಟ್ಟಿದರೆ ಅವ್ವ ಅಪ್ಪನಿಗೆ ಹೇಳಬೇಕು ಎಂದು ಕಲಿಸಿರಿ. ಮುಟ್ಟಿದವರು ನೆಂಟರೇ ಆಗಿದ್ದರೂ ಮಗುವಿನ ಮಾತನ್ನು ನಂಬಿರಿ. ಇಂತಹ ಅಪರಾಧಕ್ಕೆ 2012ರ ಪೋಕ್ಸೊ ಕಾಯಿದೆಯಲ್ಲಿ ಕಠಿಣ ಶಿಕ್ಷೆಯಿದೆ. 1098 ಎಂಬ ಮಕ್ಕಳ ಸಹಾಯವಾಣಿಯೂ ಇದೆ. ಹತ್ತು ವರ್ಷ ದಾಟಿದ ಮಗಳಿಗೆ ಮುಟ್ಟಿನ ವಿಚಾರವನ್ನು ಮುಟ್ಟಾಗುವ ಮುಂಚೆಯೇ ತಿಳಿಸಿರಿ. ಮಗನಿಗೆ ಸ್ವಪ್ನಸ್ಖಲನವು ರೋಗವಲ್ಲ, ಅದರಿಂದ ಶಕ್ತಿ ಕುಂದುವುದಿಲ್ಲ ಎಂದು ತಂದೆಯು ತಿಳಿಸಲಿ. ಇದನ್ನರಿಯದ ಎಷ್ಟೋ ಹುಡುಗರು ಗೋಡೆಯ ಜಾಹೀರಾತು ನಂಬಿ ನಕಲಿ ವೈದ್ಯರಿಗೆ ಹಣ ಸುರಿಯುತ್ತಾರೆ. ಹದಿನಾಲ್ಕು ಹದಿನೈದು ವರ್ಷದವರಿಗೆ ಗರ್ಭ ಹೇಗೆ ನಿಲ್ಲುತ್ತದೆ, ಸೋಂಕು ಹೇಗೆ ತಗಲುತ್ತದೆ, ನಿರೋಧ್ ಏನು ಮಾಡುತ್ತದೆ ಎಂಬುದನ್ನು ನೇರವಾಗಿ ಹೇಳಿರಿ. ಹೆಣ್ಣಿನ ಒಪ್ಪಿಗೆಯಿಲ್ಲದೆ ಆಕೆಯನ್ನು ಮುಟ್ಟುವುದು ಗಂಡಸುತನವಲ್ಲ ಎಂಬುದನ್ನು ಮಗನು ತನ್ನ ತಂದೆಯ ಬಾಯಿಂದಲೇ ಕೇಳಬೇಕು. ಮಗಳಿಗೆ ಹದಿನೆಂಟು, ಮಗನಿಗೆ ಇಪ್ಪತ್ತೊಂದು ತುಂಬುವ ಮುಂಚೆ ಮದುವೆ ಮಾಡಬೇಡಿರಿ.

ಊರಿನ ಮಾತು

ಕೊನೆಯದಾಗಿ ಊರಿನ ಮಾತಿಗೆ ಬರುತ್ತೇನೆ. ಈ ರೋಗಕ್ಕೆ ಮದ್ದೇ ಇಲ್ಲವೆಂಬ ಹಳೆಯ ಮಾತು ಇನ್ನೂ ಕೆಲವರ ಮನಸ್ಸಿನಲ್ಲಿ ಕುಳಿತಿದೆ. ಸೋಂಕನ್ನು ಬೇರುಸಹಿತ ಕಿತ್ತುಹಾಕುವ ಮದ್ದು ಎಲ್ಲರ ಕೈಗೆಟಕುವಂತೆ ಇನ್ನೂ ಬಂದಿಲ್ಲ, ನಿಜ. ಆದರೆ ಅದನ್ನು ಕಟ್ಟಿಹಾಕುವ ಔಷಧವಿದೆ. ಎ.ಆರ್.ಟಿ. ಎಂಬ ಈ ಚಿಕಿತ್ಸೆಯನ್ನು ನಮ್ಮ ದೇಶದಲ್ಲಿ 2004ರ ಏಪ್ರಿಲ್ 1ರಿಂದ ಉಚಿತವಾಗಿ ಕೊಡಲಾಗುತ್ತಿದೆ. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ, ರೋಗ ಬಲಿಯುವವರೆಗೆ ಕಾಯದೆ, ಔಷಧ ಆರಂಭಿಸುತ್ತಾರೆ. ಅದನ್ನು ದಿನವೂ ತಪ್ಪದೆ, ಜೀವನಪರ್ಯಂತ ನುಂಗಬೇಕು. ಮೈ ಸರಿಹೋಯಿತೆಂದು ನಿಲ್ಲಿಸಿದರೆ ವೈರಾಣು ಮತ್ತೆ ತಲೆ ಎತ್ತುತ್ತದೆ. ಸರಿಯಾಗಿ ಔಷಧ ಸೇವಿಸಿ, ರಕ್ತದಲ್ಲಿ ವೈರಾಣುವು ಪರೀಕ್ಷೆಗೂ ಸಿಗದಷ್ಟು ಇಳಿದು ಹಾಗೆಯೇ ಉಳಿದಿದ್ದರೆ, ಅಂತಹವರಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಸೋಂಕು ಹರಡುವುದಿಲ್ಲ. ಅವರು ದುಡಿಯಬಲ್ಲರು, ಸಂಸಾರ ಮಾಡಬಲ್ಲರು, ಮೊಮ್ಮಕ್ಕಳನ್ನು ಎತ್ತಿ ಆಡಿಸಬಲ್ಲರು.

ಇಷ್ಟಿದ್ದರೂ ಜನರು ಪರೀಕ್ಷೆಗೆ ಏಕೆ ಬರುವುದಿಲ್ಲ? ಔಷಧಕ್ಕೆ ಹೆದರಿ ಅಲ್ಲ, ನಮಗೆ ಹೆದರಿ. ಚಹಾದಂಗಡಿಯಲ್ಲಿ ಬೇರೆ ಲೋಟ ಇಟ್ಟಾರು, ಮಗುವನ್ನು ಶಾಲೆಯ ಮೂಲೆಯಲ್ಲಿ ಕೂರಿಸಿಯಾರು, ಮಗಳ ಮದುವೆ ಮುರಿದೀತು ಎಂಬ ಹೆದರಿಕೆ. ಹೀಗೆ ಹೆದರಿಸುವ ಊರು ತನಗೇ ಕೇಡು ಮಾಡಿಕೊಳ್ಳುತ್ತದೆ. ಬಚ್ಚಿಟ್ಟವರಿಗೆ ಚಿಕಿತ್ಸೆ ಸಿಗದು, ಚಿಕಿತ್ಸೆ ಸಿಗದವರಿಂದ ಸೋಂಕು ಇನ್ನಷ್ಟು ಮನೆಗಳಿಗೆ ಹೋಗುತ್ತದೆ.

ಕಾನೂನು ಕೂಡ ಈ ಅನ್ಯಾಯವನ್ನು ಒಪ್ಪುವುದಿಲ್ಲ. 2017ರಲ್ಲಿ ಅಂಗೀಕಾರವಾದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣದಿಂದ ಶಾಲೆಗೆ ಸೇರಿಸಿಕೊಳ್ಳದಿರುವುದು, ಕೆಲಸದಿಂದ ತೆಗೆಯುವುದು, ಚಿಕಿತ್ಸೆ ನಿರಾಕರಿಸುವುದು, ಬಾಡಿಗೆಗೆ ಮನೆ ಕೊಡದಿರುವುದು ಈ ಕಾಯಿದೆಯ ಪ್ರಕಾರ ನಿಷಿದ್ಧ. ಹದಿನೆಂಟು ವರ್ಷದೊಳಗಿನ ಮಕ್ಕಳನ್ನು ಸೋಂಕಿನ ನೆಪದಲ್ಲಿ ಮನೆಯಿಂದ ಹೊರಗೆ ಹಾಕುವಂತಿಲ್ಲ.

ಸೋಂಕುಳ್ಳವರ ಮನೆಗೆ ಹೋಗಿ ಒಂದು ಲೋಟ ಚಹಾ ಕುಡಿದು ಬನ್ನಿರಿ. ನೂರು ಭಾಷಣಗಳು ಮಾಡದ ಕೆಲಸವನ್ನು ಆ ಒಂದು ಲೋಟ ಚಹಾ ಮಾಡುತ್ತದೆ.

ಬಂಧುಗಳೇ,

ಇಲ್ಲಿಂದ ಹೊರಡುವ ಮುನ್ನ ಮೂರು ಕೆಲಸಗಳನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಿರಿ. ಈ ತಿಂಗಳೊಳಗೆ ಗಂಡ ಹೆಂಡತಿ ಇಬ್ಬರೂ ಒಂದೇ ದಿನ, ಒಂದೇ ಬಸ್ಸಿನಲ್ಲಿ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿರಿ. ಬೆಳೆದ ಮಗ ಮಗಳನ್ನು ಹತ್ತಿರ ಕೂರಿಸಿಕೊಂಡು “ಏನಿದ್ದರೂ ನಮ್ಮನ್ನೇ ಕೇಳಿ” ಎಂದು ಹೇಳಿರಿ. ಊರಿನಲ್ಲಿ ಯಾರ ಸೋಂಕಿನ ಸುದ್ದಿ ಕಿವಿಗೆ ಬಿದ್ದರೂ ಅದು ನಿಮ್ಮಲ್ಲಿಯೇ ನಿಲ್ಲಲಿ. ಹೆಚ್ಚಿನ ವಿವರ ಬೇಕಾದವರು 1097 ಎಂಬ ಸಂಖ್ಯೆಗೆ ದೂರವಾಣಿ ಮಾಡಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ, ಹೆಸರು ಹೇಳಬೇಕಾಗಿಯೂ ಇಲ್ಲ.

ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದರಿಂದ ಫಲವಿಲ್ಲ. ಬಾವಿಯನ್ನು ಇಂದೇ ತೋಡೋಣ. ಅದಕ್ಕೆ ಗುದ್ದಲಿ ಬೇಕಾಗಿಲ್ಲ, ಬಾಯಿ ತೆರೆದು ಆಡುವ ಒಂದು ಒಳ್ಳೆಯ ಮಾತು ಸಾಕು. ಈ ಸಂಜೆ ಮನೆಗೆ ನಡೆಯುವ ದಾರಿಯಲ್ಲಿಯೇ ಆ ಮಾತನ್ನು ನೀವಿಬ್ಬರೂ ಆರಂಭಿಸುವಿರೆಂದು ನಂಬಿದ್ದೇನೆ.